ಗುಮಾಸ್ತ ಹಾರ್ವಿಯ ಕಾಮಿಕ್ಸ್

ಹ್ಯಾಲೋವೀನ್ ಸಂಜೆ. ಮಿಠಾಯಿ ಕೇಳಲು ಮಕ್ಕಳು ಒಂದು ಮನೆಯ ಬಾಗಿಲಲ್ಲಿ ಸಾಲಾಗಿ ನಿಂತಿದ್ದಾರೆ. ಒಬ್ಬ ಸೂಪರ್‌ಮ್ಯಾನ್, ಒಬ್ಬ ಬ್ಯಾಟ್‌ಮನ್, ಪಕ್ಕದಲ್ಲಿ ರಾಬಿನ್. ಕೊನೆಯ ಹುಡುಗ ಮಾತ್ರ ದಿನಾ ಹಾಕುವ ಬಟ್ಟೆಯಲ್ಲೇ ಬಂದಿದ್ದಾನೆ. ನೀನು ಯಾರ ವೇಷ ಅಂತ ಮನೆಯಾಕೆ ಕೇಳಿದರೆ ತನ್ನದೇ ಹೆಸರು ಹೇಳುತ್ತಾನೆ: ಹಾರ್ವಿ ಪೀಕಾರ್. ಅಂಥ ಹೀರೋ ಒಬ್ಬನಿದ್ದಾನೆಂದು ಆಕೆ ಕೇಳಿಯೇ ಇಲ್ಲ. ಹುಡುಗ ಸಿಡುಕಿಕೊಂಡು ಹೊರಟುಬಿಡುತ್ತಾನೆ.

2003ರಲ್ಲಿ ತೆರೆಕಂಡ ‘ಅಮೆರಿಕನ್ ಸ್ಪ್ಲೆಂಡರ್’ ಶುರುವಾಗುವುದು ಹೀಗೆ. ಶಾರಿ ಸ್ಪ್ರಿಂಗರ್ ಬರ್ಮನ್, ರಾಬರ್ಟ್ ಪುಲ್ಚೀನಿ ಜೋಡಿ ನಿರ್ದೇಶಿಸಿದ ಈ ಹಾಸ್ಯಚಿತ್ರ ಆ ವರ್ಷದ ಸನ್‌ಡ್ಯಾನ್ಸ್ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಕಥಾನಾಯಕ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಡತ ನೋಡಿಕೊಳ್ಳುತ್ತಿದ್ದ ಗುಮಾಸ್ತ. ಜಿಲ್ಲಾ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ನಾನು ಮಾಡುವುದೂ ಅದೇ ಕೆಲಸ. ಕೇಳಿದ ಕೇಸ್‌ಶೀಟು ಹುಡುಕಿ ಕೊಡಬೇಕು, ವಾಪಸು ಬಂದದ್ದನ್ನು ನಂಬರಿನ ಪ್ರಕಾರ ರ್‍ಯಾಕಿಗೆ ಸೇರಿಸಬೇಕು. ಈ ಕೆಲಸ ಮಾಡುವವರನ್ನು ಕಥೆಯ ನಡುಮಧ್ಯೆ ಕೂರಿಸಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ.

ಹಾರ್ವಿ ಬರೆದದ್ದು ಕಾಮಿಕ್ಸ್. ಅದಕ್ಕೊಂದು ಹಿನ್ನೆಲೆಯಿದೆ. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆಂದು ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ 1954ರಲ್ಲಿ ಪುಸ್ತಕ ಬರೆದ. ಅಮೆರಿಕದ ಸೆನೆಟ್ಟಿನಲ್ಲೂ ವಿಚಾರಣೆ ನಡೆಯಿತು. ಗಾಬರಿಯಾದ ಪ್ರಕಾಶಕರು ತಾವೇ ಕಾಮಿಕ್ಸ್ ಕೋಡ್ ಎಂಬ ಕಟ್ಟುಪಾಡು ಮಾಡಿಕೊಂಡರು. ಆ ಮುದ್ರೆಯಿಲ್ಲದ ಪುಸ್ತಕಗಳನ್ನು ಅಂಗಡಿಗೆ ತಲುಪಿಸುವವರು ಸಿಗುವುದೇ ಕಷ್ಟವಾಯಿತು. ದೊಡ್ಡವರ ಬದುಕಿನ ಬಗ್ಗೆ ಚಿತ್ರಕಥೆ ಬರೆಯಬೇಕೆಂದವರಿಗೆ ಉಳಿದದ್ದು ಕಳ್ಳದಾರಿ: ಸ್ವಂತ ಖರ್ಚು, ಸಣ್ಣ ಪ್ರೆಸ್ಸು, ಹಿಪ್ಪಿಗಳ ಅಂಗಡಿ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಬರ್ಟ್ ಕ್ರಂಬ್ ಹೊರತಂದ ‘ಜ್ಯಾಪ್’ ಈ ಅಂಡರ್‌ಗ್ರೌಂಡ್ ಕಾಮಿಕ್ಸ್‌ಗೆ ಬಾಗಿಲು ತೆರೆಯಿತು. ಕಾಮ, ಮಾದಕವಸ್ತು, ಯುದ್ಧವಿರೋಧ, ಎಲ್ಲವೂ ಅದರಲ್ಲಿ ಬಂದವು. ಹೆಂಗಸರನ್ನು ಕೀಳಾಗಿ ಚಿತ್ರಿಸಿದ ಪುಟಗಳೂ ಇದ್ದವು. ಅವನ್ನು ನಾನು ಮೆಚ್ಚಲಾರೆ. ಅಶ್ಲೀಲ ಯಾವುದೆಂಬುದನ್ನು ಆಯಾ ಊರಿನ ಮಾನದಂಡದಿಂದ ಅಳೆಯಬಹುದೆಂದು 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಂಗಡಿಯವರು ಹೆದರಿದರು, ಅಲೆ ಇಳಿಯಿತು.

ಆ ಇಳಿಗಾಲದಲ್ಲಿ, 1976ರಲ್ಲಿ, ಹಾರ್ವಿ ತನ್ನ ಕಾಮಿಕ್ಸ್‌ನ ಮೊದಲ ಸಂಚಿಕೆ ತಂದ. ಕ್ರಂಬ್ ಅವನಿಗೆ ಹಳೆಯ ಪರಿಚಯ. 1962ರಲ್ಲಿ ಕ್ಲೀವ್‌ಲ್ಯಾಂಡಿನ ಗ್ರೀಟಿಂಗ್ ಕಾರ್ಡ್ ಕಂಪನಿಗೆ ಕೆಲಸಕ್ಕೆ ಬಂದಿದ್ದ ಕ್ರಂಬ್‌ಗೂ ಹಾರ್ವಿಗೂ ಹಳೆಯ ಜಾಜ್ ರೆಕಾರ್ಡುಗಳ ಒಂದೇ ಹುಚ್ಚು.

ಸಿನಿಮಾದಲ್ಲಿ ನನ್ನನ್ನು ಕಟ್ಟಿಹಾಕಿದ ದೃಶ್ಯ ಇಲ್ಲಿದೆ. ಹಾರ್ವಿಯ ಎರಡನೇ ಮದುವೆ ಮುರಿದಿದೆ. ಗಂಟಲು ಕೆಟ್ಟು ದನಿ ಹೊರಡುತ್ತಿಲ್ಲ. ಆಸ್ಪತ್ರೆಯಲ್ಲಿ ತೀರಿಹೋದವರ ಕಡತ ಜೋಡಿಸುವಾಗ ಒಂದು ಕೈಗೆ ಬರುತ್ತದೆ. ಸತ್ತವನೂ ಅದೇ ಊರಿನವನು, ಅವನೂ ಕಡತದ ಗುಮಾಸ್ತ. ಹಾರ್ವಿ ಆ ಹಾಳೆಯನ್ನು ನೋಡುತ್ತಾ ನಿಲ್ಲುತ್ತಾನೆ. ಹೆಸರು, ವಯಸ್ಸು, ಉದ್ಯೋಗ, ಮರಣ, ನಮ್ಮ ಹಾಳೆಯಲ್ಲೂ ಇಷ್ಟಕ್ಕೇ ಜಾಗ. ಅದನ್ನು ದಿನವೂ ಮುಟ್ಟುವವಳಾದ ನನಗೆ ಹಾರ್ವಿಯ ಪಾತ್ರ ಮಾಡಿದ ಪಾಲ್ ಜಿಯಾಮಾಟಿಯ ಮುಖದ ಆ ಗಾಬರಿ ನಟನೆ ಅನ್ನಿಸಲಿಲ್ಲ. ಆಮೇಲೆ ಸೂಪರ್‌ಮಾರ್ಕೆಟ್ಟಿನ ಸರತಿ. ಮುಂದಿನ ಅಜ್ಜಿ ಲೋಟಗಳ ಬೆಲೆಗಾಗಿ ಚೌಕಾಸಿಗಿಳಿದಿದ್ದಾಳೆ, ಹಿಂದೆ ನಿಂತ ಹಾರ್ವಿ ಕುದಿಯುತ್ತಿದ್ದಾನೆ. ಆ ರಾತ್ರಿಯೇ ಕೂತು ಎಲ್ಲವನ್ನೂ ಬರೆಯುತ್ತಾನೆ.

ಅವನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಪುಟವನ್ನು ಚೌಕಗಳಾಗಿ ಸೀಳಿ, ಕಡ್ಡಿಗೊಂಬೆಗಳನ್ನು ಗೀಚಿ, ಮಾತು ತುಂಬಿ ಕಲಾವಿದರ ಕೈಗೆ ಕೊಡುತ್ತಿದ್ದ. ಕ್ರಂಬ್, ಗ್ಯಾರಿ ಡಮ್, ಫ್ರಾಂಕ್ ಸ್ಟ್ಯಾಕ್, ಮುಂದೆ ಜೋ ಸ್ಯಾಕೋ, ಒಬ್ಬೊಬ್ಬರೂ ತಮ್ಮ ಕಣ್ಣಿಗೆ ಕಂಡ ಹಾರ್ವಿಯನ್ನು ಬರೆದರು. ಒಬ್ಬರ ಹಾರ್ವಿ ಬೆವರುವ, ಮೈತುಂಬ ಕೂದಲಿನ ಮನುಷ್ಯನಾದರೆ ಮತ್ತೊಬ್ಬರ ಹಾರ್ವಿ ಸೌಮ್ಯ. ಕಥೆಗಳಲ್ಲಿ ನಡೆಯುವುದು ಕೆಲಸದ ನಡುವಿನ ಹರಟೆ, ಬಸ್ಸಿಗೆ ಕಾಯುವುದು, ಟೆಲಿಫೋನ್ ಡೈರೆಕ್ಟರಿಯಲ್ಲಿ ತನ್ನದೇ ಹೆಸರಿನ ಬೇರೊಬ್ಬ ಸಿಕ್ಕಿದ್ದು. ವರ್ಷಕ್ಕೊಂದರಂತೆ ಸಂಚಿಕೆಗಳನ್ನು ಸ್ವಂತ ಸಂಬಳದಿಂದಲೇ ಮುದ್ರಿಸಿದ, ಕೈಸುಟ್ಟುಕೊಂಡ. ಕೆಲಸ ಮಾತ್ರ ಬಿಡಲಿಲ್ಲ. 2001ರಲ್ಲಿ ನಿವೃತ್ತನಾಗುವವರೆಗೂ ಅದೇ ಆಸ್ಪತ್ರೆ. ಅದನ್ನು ಅವನ ಸೋಲೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವನ ಮಾತುಗಾರರೆಲ್ಲ ಅಲ್ಲೇ ಇದ್ದರು. ಅನ್ನವೂ ಅಲ್ಲಿಂದಲೇ ಬರುತ್ತಿತ್ತು, ಹಾಗಾಗಿ ಮಾರಾಟಕ್ಕೆಂದು ಕಥೆ ಬದಲಿಸುವ ದರ್ದು ಬರಲಿಲ್ಲ.

ಕಲಾವಿದ ಬದಲಾದಂತೆ ಹಾರ್ವಿಯೂ ಬದಲಾಗುವ ಈ ಗುಣವನ್ನು ನಿರ್ದೇಶಕರು ಸಿನಿಮಾಕ್ಕೂ ತಂದರು. ಜಿಯಾಮಾಟಿ ಹಾರ್ವಿಯಾಗಿ ನಟಿಸುತ್ತಿರುವಾಗಲೇ ನಿಜವಾದ ಹಾರ್ವಿ ಹಿನ್ನೆಲೆಯಲ್ಲಿ ಗೊರಗೊರ ದನಿಯಲ್ಲಿ ಮಾತಾಡುತ್ತಾನೆ, ಈ ನಟ ನನ್ನ ಹಾಗಿಲ್ಲ ಅನ್ನುತ್ತಾನೆ. ಚೌಕಟ್ಟುಗಳೊಳಗಿನ ಚಿತ್ರಗಳು ಎದ್ದು ನಡೆಯುತ್ತವೆ. ಬಿಳಿ ಗೋಡೆಯ ಸ್ಟುಡಿಯೋ ಒಂದರಲ್ಲಿ ಹಾರ್ವಿಯೂ ಅವನ ಸಹೋದ್ಯೋಗಿ ಟೋಬಿ ರ್‍ಯಾಡ್ಲಾಫನೂ ಜೆಲ್ಲಿ ಬೀನ್ಸ್ ಮಿಠಾಯಿಯ ರುಚಿಗಳ ಬಗ್ಗೆ ಗಂಭೀರ ಚರ್ಚೆಗಿಳಿದರೆ, ಅವರ ಪಾತ್ರ ಮಾಡಿದ ಇಬ್ಬರು ನಟರು ಹಿಂದೆ ಕೂತು ನಗು ತಡೆಯಲಾರದೆ ಒದ್ದಾಡುತ್ತಾರೆ. ಟೋಬಿಯ ಮಾತಿನ ಧಾಟಿ ಬರೀ ನಟನೆಯೆಂದುಕೊಂಡಿದ್ದೆ. ಅಸಲಿ ಟೋಬಿ ಬಾಯಿಬಿಟ್ಟಾಗ ಅದೇ ಧಾಟಿ! ಡೇವಿಡ್ ಲೆಟರ್‌ಮನ್‌ನ ಟೀವಿ ಷೋಗೆ ಹಾರ್ವಿ ಹೋಗುವಾಗ ಜಿಯಾಮಾಟಿ ತೆರೆಮರೆಯಿಂದ ಎದ್ದು ಹೋಗುತ್ತಾನೆ, ಕೋಣೆಯ ಟೀವಿಯಲ್ಲಿ ಕಾಣುವುದು ಆ ಕಾಲದಲ್ಲಿ ಚಿತ್ರೀಕರಿಸಿದ ನಿಜವಾದ ಹಾರ್ವಿ. ಲೆಟರ್‌ಮನ್‌ಗೆ ಬೇಕಾದದ್ದು ನಗಿಸುವ ಗುಮಾಸ್ತ. ಆಗ ಆ ಚಾನೆಲ್ಲಿನ ಒಡೆಯರಾಗಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನೇ ಹಾರ್ವಿ ಟೀಕಿಸತೊಡಗಿದ ಮೇಲೆ ಆ ಸ್ನೇಹ ಬಾಳಲಿಲ್ಲ.

1990ರಲ್ಲಿ ಅವನಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಪತ್ತೆಯಾಯಿತು. ಅದನ್ನೂ ಹೆಂಡತಿ ಜಾಯ್ಸ್ ಬ್ರಾಬ್ನರ್ ಜೊತೆ ಸೇರಿ ಪುಸ್ತಕ ಮಾಡಿದ: 1994ರ ‘ಅವರ್ ಕ್ಯಾನ್ಸರ್ ಇಯರ್’. ಔಷಧಿಯ ಪ್ರಮಾಣ ನಮ್ಮ ಕೇಸ್‌ಶೀಟಿನಲ್ಲೂ ಸಿಗುತ್ತದೆ. ನೋವಿನ ರಾತ್ರಿಗಳು, ನಡುವೆಯೇ ಹೊಸ ಮನೆ ಕೊಳ್ಳುವ ತಾಪತ್ರಯ, ಗಂಡಹೆಂಡಿರ ಜಗಳ ಸಿಗುವುದು ಆ ಪುಸ್ತಕದಲ್ಲಿ. ರೋಗಿಗಳ ಮನೆಯವರು ನಮ್ಮ ಕಿಟಕಿಯ ಮುಂದೆ ಯಾಕೆ ಅಷ್ಟು ಬೇಗ ಸಿಟ್ಟಾಗುತ್ತಾರೆಂದು ಅದನ್ನು ಓದಿದ ಮೇಲೆ ನನಗೆ ಇನ್ನಷ್ಟು ತಿಳಿಯಿತು.

ಸಿನಿಮಾದ ಮೇಲೆ ನನಗಿರುವ ತಕರಾರು ಜಾಯ್ಸ್ ವಿಷಯದಲ್ಲಿ. ಡೆಲವೇರ್‌ನ ಕಾಮಿಕ್ಸ್ ಅಂಗಡಿಯಾಕೆ ಅವಳು. ಹಾರ್ವಿಯ ಒಂದು ಸಂಚಿಕೆ ಖಾಲಿಯಾಗಿ, ಪ್ರತಿ ಕೇಳಿ ಪತ್ರ ಬರೆದದ್ದೇ ಇಬ್ಬರ ಪರಿಚಯಕ್ಕೆ ನಾಂದಿ. ಅವಳ ಪಾತ್ರದಲ್ಲಿ ಹೋಪ್ ಡೇವಿಸ್ ಚೆನ್ನಾಗಿ ನಟಿಸಿದ್ದಾಳೆ, ಆದರೆ ಹೆಚ್ಚಾಗಿ ಕಾಣುವುದು ಮಂಕು ಕವಿದು ಹಾಸಿಗೆ ಹಿಡಿದ ಹೆಂಡತಿ. ನಿಜದ ಜಾಯ್ಸ್ ಸೈನಿಕರ ಅನುಭವಗಳನ್ನು ಕಲೆಹಾಕಿ 1987ರಲ್ಲಿ ‘ರಿಯಲ್ ವಾರ್ ಸ್ಟೋರೀಸ್’ ಕಾಮಿಕ್ಸ್ ಸಂಪಾದಿಸಿದಳು, ಮುಂದೆ ಸಿಐಎಯ ಗುಪ್ತ ಕಾರ್ಯಾಚರಣೆಗಳ ಬಗ್ಗೆ ‘ಬ್ರಾಟ್ ಟು ಲೈಟ್’ ಹೊರತಂದಳು. ಶಾಂತಿ ಚಳವಳಿಯ ಈ ಕೆಲಸಕ್ಕೆ ಸಿನಿಮಾ ಕೊಟ್ಟ ಜಾಗ ತೀರಾ ಕಡಿಮೆ. ಅಂಡರ್‌ಗ್ರೌಂಡ್ ಕಾಮಿಕ್ಸ್‌ನ ಮೇಲೆ ಇನ್ನೊಂದು ಸಿನಿಮಾ ಮಾಡುವವರು ಯಾರಾದರೂ ಇದ್ದರೆ ಜಾಯ್ಸ್‌ಳಿಂದ ಶುರುಮಾಡಲಿ.