ಬಾಯೊಳಗಿನ ಗಂಟು: ಹೆದರಿಕೆಯೂ ಬೇಡ, ಉದಾಸೀನವೂ ಬೇಡ



ಗೊಬ್ಬರ, ಮೈಲುತುತ್ತದ ವಿಚಾರಕ್ಕೆ ಸಂಘದ ಕಚೇರಿಗೆ ಬರುವ ಸದಸ್ಯರು ಮಾತಿನ ನಡುವೆ ‘ಕೆನ್ನೆಯೊಳಗೆ ಒಂದು ಗಂಟು ಎದ್ದಿದೆ, ಏನಿರಬಹುದು?’ ಎಂದು ಕೇಳುವುದುಂಟು. ಕೆಲವರು ಅದು ಕ್ಯಾನ್ಸರೇ ಎಂದು ಊಟ ನಿದ್ದೆ ಬಿಡುತ್ತಾರೆ. ಕೆಲವರು ಏನೂ ಅಲ್ಲವೆಂದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಎರಡೂ ಸರಿಯಲ್ಲ.

ಬಾಯೊಳಗಿನ ಮೆತ್ತನೆಯ ಗಂಟುಗಳಲ್ಲಿ ಹೆಚ್ಚಿನವು ನಿರಪಾಯದವು. ಪದೇ ಪದೇ ಕೆನ್ನೆ ಕಚ್ಚಿಕೊಳ್ಳುವುದರಿಂದ, ಮುರಿದ ಹಲ್ಲು ಅಥವಾ ಸರಿಯಾಗಿ ಕೂರದ ಕಟ್ಟುಹಲ್ಲು ಉಜ್ಜುವುದರಿಂದ ಬರುವ ‘ಫೈಬ್ರೋಮಾ’ ತೀರಾ ಸಾಮಾನ್ಯ. ಅದು ನುಣುಪಾಗಿರುತ್ತದೆ, ನೋವಿರುವುದಿಲ್ಲ. ಕೆಳದುಟಿಯ ಒಳಗೆ ನೀಲಿ ಛಾಯೆಯ ಗುಳ್ಳೆಯಾಗಿ ಎದ್ದು, ಒಡೆದು, ಮತ್ತೆ ತುಂಬಿಕೊಳ್ಳುವುದು ಜೊಲ್ಲು ಕಟ್ಟಿಕೊಂಡ ‘ಮ್ಯೂಕೋಸೀಲ್’. ಒಸಡಿನ ಮೇಲೆ ಕೆಂಪಗೆ ಬೆಳೆದು, ಮುಟ್ಟಿದರೆ ರಕ್ತ ಬರುವ ಗಂಟು ಗರ್ಭಿಣಿಯರಲ್ಲಿ ಕಾಣಿಸುವುದುಂಟು. ಹೆರಿಗೆಯ ನಂತರ ಕುಗ್ಗುವುದೂ ಉಂಟು. ಹಳದಿ ಛಾಯೆಯ ಮೆತ್ತನೆ ಗಂಟು ಕೊಬ್ಬಿನದಿರಬಹುದು. ಒತ್ತಿದರೆ ಬಿಳಿಚಿಕೊಳ್ಳುವ ನೀಲಿ-ಕೆಂಪು ಗಂಟು ರಕ್ತನಾಳದ್ದಿರಬಹುದು. ಅದನ್ನು ಚುಚ್ಚಿದರೆ ರಕ್ತ ನಿಲ್ಲಿಸುವುದು ಕಷ್ಟ. ಆದ್ದರಿಂದ ಯಾವ ಗಂಟಿಗೂ ದಾರ ಕಟ್ಟುವುದು, ಸುಣ್ಣ ಹಚ್ಚುವುದು ಬೇಡ.

ಮಣ್ಣನ್ನು ಕೈಯಲ್ಲಿ ಹಿಡಿದ ಮಾತ್ರಕ್ಕೆ ಹುಳಿ ಎಷ್ಟೆಂದು ಹೇಳಲಾಗದು. ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಗಂಟಿನ ವಿಷಯವೂ ಹಾಗೆಯೇ. ವೈದ್ಯರು ನೋಡಿ, ಮುಟ್ಟಿ ಅಂದಾಜು ಮಾಡುತ್ತಾರೆ. ಖಚಿತವಾಗಬೇಕಾದರೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಗಂಟನ್ನೋ ಅದರ ಚೂರನ್ನೋ ತೆಗೆದು, ಫಾರ್ಮಲಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸುತ್ತಾರೆ. ಇದೇ ಬಯಾಪ್ಸಿ. ಚಿಕ್ಕ ಗಂಟನ್ನು ಪೂರ್ತಿ ತೆಗೆದರೆ ಪರೀಕ್ಷೆಯೂ ಅದೇ, ಚಿಕಿತ್ಸೆಯೂ ಅದೇ. ಆದರೆ ಉಜ್ಜುವ ಹಲ್ಲನ್ನು ಸರಿಪಡಿಸದಿದ್ದರೆ ಗಂಟು ಮರಳಿ ಬರಬಹುದು.

ಅಡಿಕೆಯಿಂದ ಬದುಕುವ ನಾವು ಒಂದು ಮಾತನ್ನು ಮುಚ್ಚಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೂ, ಹೊಗೆಸೊಪ್ಪಿಲ್ಲದ ಕವಳವನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಧಾರಣೆಯ ಚಿಂತೆ ಬೇರೆ, ಬಾಯಿಯ ಚಿಂತೆ ಬೇರೆ. ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿಯಾಗುತ್ತಿರುವ ಗಂಟು, ದಿನೇ ದಿನೇ ಕಿರಿದಾಗುವ ಬಾಯಿ, ಕತ್ತಿನಲ್ಲಿ ಗಡ್ಡೆ—ಇವುಗಳಲ್ಲಿ ಒಂದು ಕಂಡರೂ ಕೊಯ್ಲು ಮುಗಿಯಲೆಂದು ಕಾಯದೆ ದಂತವೈದ್ಯರಲ್ಲಿಗೆ ಹೋಗಿ.

ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ಕೆನ್ನೆ, ಒಸಡು, ನಾಲಿಗೆಯ ಅಡಿ ನೋಡಿಕೊಳ್ಳಿ. ಮನೆಯವರಿಗೂ, ತೋಟದ ಕೆಲಸದವರಿಗೂ ತಿಳಿಸಿ.