ನಾಯಿಯ ಮೈಯ ಚಿಗಟ, ಹೇನು

ಹೋದ ಮಳೆಗಾಲದಲ್ಲಿ ನಮ್ಮ ಮನೆಗೊಂದು ನಾಯಿಮರಿ ಬಂದಿತು. ಒಂದೂವರೆ ತಿಂಗಳ ಕೂಸು. ಎತ್ತಿಕೊಂಡ ಮಕ್ಕಳ ತೋಳಿನ ಮೇಲೆಲ್ಲ ಚಿಗಟಗಳು ಹಾರಿದುವು. ನಾವು ಅವಸರಪಟ್ಟು, ನೆಲ ಸಾರಿಸುವ ಫಿನಾಯಿಲನ್ನು ನೀರಿಗೆ ಬೆರಸಿ ಅದಕ್ಕೆ ಸ್ನಾನ ಮಾಡಿಸಿದೆವು. ಚಿಗಟಗಳೇನೋ ಸತ್ತುವು, ಸಂಜೆಯ ಹೊತ್ತಿಗೆ ಮರಿಯೂ ಜೊಲ್ಲು ಸುರಿಸುತ್ತ, ನಡುಗುತ್ತ ಮೂಲೆ ಹಿಡಿಯಿತು. ಪಶುವೈದ್ಯರು ಎರಡು ದಿನ ಆರೈಕೆ ಮಾಡಿ ಉಳಿಸಿಕೊಟ್ಟರು. ಅವರಿಂದ ಅಂದು ನಾವು ಕೇಳಿಸಿಕೊಂಡ ಬೈಗುಳವೇ ಈ ಲೇಖನಕ್ಕೆ ಮೂಲವು.

ಫಿನಾಯಿಲು, ಸೀಮೆಎಣ್ಣೆ, ಕರ್ಪೂರದೆಣ್ಣೆ, ಹೊಗೆಸೊಪ್ಪಿನ ಕಷಾಯ ಇವೆಲ್ಲ ಚರ್ಮದ ಮೂಲಕ ಒಳಸೇರುವ ವಿಷಗಳು. ಮೇಲಾಗಿ ನಾಯಿಯು ಮೈಯನ್ನು ನೆಕ್ಕಿಕೊಳ್ಳುವ ಪ್ರಾಣಿ. ಮೈಗೆ ಹಚ್ಚಿದ್ದು ಹೊಟ್ಟೆಗೂ ಹೋಗುವುದು.

ಮೊದಲು ಬಾಧೆ ಯಾವುದೆಂದು ಅರಿಯಬೇಕು. ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ನಾಯಿಯನ್ನು ನಿಲ್ಲಿಸಿ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿರಿ. ಉದುರಿದ ಕರಿಯ ಕಣಗಳು ನೀರು ಹೀರಿ ಕೆಂಪಾದರೆ ಅದು ಚಿಗಟದ ಹಿಕ್ಕೆ, ಅರ್ಥಾತ್ ನಾಯಿಯದೇ ರಕ್ತ. ಹೇನು ಹಾರದು, ಅದರ ಸೀರು ಕೂದಲಿಗೆ ಅಂಟಿರುತ್ತದೆ. ನಾಯಿಯ ಹೇನು ಮನುಷ್ಯರ ತಲೆಯಲ್ಲಿ ಬಾಳುವುದಿಲ್ಲವಾದ್ದರಿಂದ, ಮಕ್ಕಳ ತಲೆಯ ಹೇನಿಗೆ ನಾಯಿಯನ್ನು ದೂರುವುದು ಅನ್ಯಾಯ.

ಹೇನು ತನ್ನ ಬಾಳನ್ನೆಲ್ಲ ನಾಯಿಯ ಮೈಮೇಲೆಯೇ ಕಳೆಯುವುದು. ಚಿಗಟದ ಸಂಸಾರವಾದರೋ ಬಹುಪಾಲು ನಮ್ಮ ಮನೆಯೊಳಗಿರುತ್ತದೆ. ಅದರ ಮೊಟ್ಟೆಗಳು ಕೂದಲಿಂದ ಜಾರಿ ಚಾಪೆ, ಜಮಖಾನ, ನೆಲದ ಬಿರುಕುಗಳಲ್ಲಿ ಬೀಳುವುವು. ಅಲ್ಲಿ ಹುಳುವಾಗಿ, ಗೂಡು ಕಟ್ಟಿ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾದಿರುವುವು. ಬಹುಕಾಲ ಬೀಗ ಹಾಕಿದ್ದ ಮನೆಯನ್ನು ತೆರೆದೊಡನೆ ಕಾಲಿಗೆ ಚಿಗಟ ಹತ್ತುವುದು ಇದರಿಂದಲೇ: ಹೆಜ್ಜೆಯ ಅದುರಿಗೂ ಮೈಯ ಬಿಸಿಗೂ ಅವು ಗೂಡೊಡೆದು ಹೊರಬರುತ್ತವೆ. ಆದುದರಿಂದ ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕತಕ್ಕದ್ದು, ಮೂಲೆಮೂಲೆಗಳನ್ನು ಗುಡಿಸತಕ್ಕದ್ದು. ಒಂದು ವಾರ ಮಾಡಿ ಬಿಟ್ಟರೆ ಫಲವಿಲ್ಲ. ಮೂರು ತಿಂಗಳಾದರೂ ನಡೆಸಬೇಕು.

ಎಂಟು ವಾರ ತುಂಬದ ಮರಿಗೆ ಬಾಚಣಿಗೆಯೇ ಮುಖ್ಯ ಮದ್ದು. ಸಿಕ್ಕ ಚಿಗಟಗಳನ್ನು ಸಾಬೂನುನೀರಿನ ಬಟ್ಟಲಿನಲ್ಲಿ ಮುಳುಗಿಸಿರಿ. ಉಗುರುಬೆಚ್ಚನೆಯ ನೀರಿನ ಸ್ನಾನವೂ ಆಗಬಹುದು. ಆದರೆ ಕೂಡಲೆ ಒರೆಸಿ ಬೆಚ್ಚಗಿಡಬೇಕು. ಮರಿಯ ಒಸಡು ಬಿಳಿಚಿದ್ದರೆ ರಕ್ತ ಬಹಳವಾಗಿ ಹೋಗಿರಬಹುದು; ಆಗ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಬೆಳೆದ ನಾಯಿಗೆ ಕತ್ತಿನ ಹಿಂದೆ ಹಾಕುವ ಫಿಪ್ರೊನಿಲ್ ಮೊದಲಾದ ಹನಿಮದ್ದುಗಳುಂಟು. ಅವನ್ನು ವೈದ್ಯರನ್ನು ಕೇಳಿ, ತೂಕಕ್ಕೆ ತಕ್ಕಂತೆ ಹಾಕಬೇಕು. ದೊಡ್ಡ ನಾಯಿಯ ಮದ್ದನ್ನು ಅಂದಾಜಿನಿಂದ ಅರೆಮಾಡಿ ಸಣ್ಣದಕ್ಕೆ ಹಾಕಲಾಗದು. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಎಚ್ಚರ ಬೇಕು. ನಾಯಿಗೆ ಒಗ್ಗುವ ಪರ್ಮೆಥ್ರಿನ್ ಬೆಕ್ಕಿಗೆ ಪ್ರಾಣಾಂತಕ. ಮದ್ದು ಆರುವ ಮುನ್ನ ಬೆಕ್ಕು ನಾಯಿಯ ಪಕ್ಕದಲ್ಲಿ ಮಲಗುವುದೂ ಅಪಾಯ.

ಚಿಗಟವೆಂದೊಡನೆ 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗನ್ನು ನೆನೆದು ಹೆದರುವವರುಂಟು. ಅದನ್ನು ಹರಡಿದ್ದು ಮುಖ್ಯವಾಗಿ ಇಲಿಯ ಚಿಗಟ. ನಾಯಿಯ ಚಿಗಟದ ಉಪದ್ರವ ಬೇರೆ: ಅದನ್ನು ನುಂಗಿದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆಯುವುದು. ಮಲದಲ್ಲಿ ಅಕ್ಕಿಕಾಳಿನಂತಹ ತುಣುಕುಗಳು ಕಂಡರೆ ಜಂತುಮದ್ದನ್ನೂ ಕೊಡಿಸಬೇಕು. ಅಂಬೆಗಾಲಿಡುವ ಕೂಸು ಅಪ್ಪಿತಪ್ಪಿ ಚಿಗಟವನ್ನು ನುಂಗಿದರೆ ಅದಕ್ಕೂ ಈ ಹುಳು ಅಂಟಬಹುದು.