ಬೊಟ್ಟು ಲಿವರ್ ಕಡೆಗೆ, ಸೋರಿದ್ದು ಸ್ನಾಯುವಿನಿಂದ

ರಕ್ತಪರೀಕ್ಷೆಯ ವರದಿ ಈಗ ಡಾಕ್ಟರಿಗಿಂತ ಮೊದಲು ನಮ್ಮ ಮೊಬೈಲಿಗೇ ಬಂದು ಬೀಳುತ್ತದೆ. ತೆರೆದ ಕೂಡಲೇ ಕಣ್ಣು ಹೋಗುವುದು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳ ಮೇಲೆ. ಉದಾಹರಣೆಗೆ ಇಂಥದೊಂದು ವರದಿ ಇದೆ ಎಂದುಕೊಳ್ಳಿ. ಮೂವತ್ತೆರಡರ ಗಂಡಸು, ಕಂಪನಿಯವರು ಮಾಡಿಸುವ ವಾರ್ಷಿಕ ತಪಾಸಣೆ. ಎಸ್‌ಜಿಒಟಿ 148, ಎಸ್‌ಜಿಪಿಟಿ 71, ಎರಡರ ಪಕ್ಕದಲ್ಲೂ ಮೇಲಕ್ಕೆ ತೋರಿಸುವ ಬಾಣ. ಕೆಳಗಿನ ಸಾಲುಗಳಲ್ಲಿ ಬಿಲಿರುಬಿನ್ 0.7, ಅಲ್ಬುಮಿನ್ 4.4, ಜಿಜಿಟಿ 22. ಇವೆಲ್ಲ ಸರಿಯಾಗಿಯೇ ಇವೆ. ಆದರೆ ಸರಿ ಇರುವುದನ್ನು ಯಾರು ಓದುತ್ತಾರೆ?

ಇಂಥ ವರದಿ ಹಿಡಿದು ಹೋದವನಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ. "ನಿಜ ಹೇಳಿ, ವಾರಕ್ಕೆ ಎಷ್ಟು ತಗೋತೀರಿ?" ಪಕ್ಕದಲ್ಲಿ ಹೆಂಡತಿ ಕೂತಿರುತ್ತಾಳೆ. "ಇಲ್ಲ ಸಾರ್, ಮುಟ್ಟೋದೇ ಇಲ್ಲ" ಎಂದರೆ ಇಬ್ಬರೂ ನಂಬುವುದಿಲ್ಲ. ಡಾಕ್ಟರರ ಅನುಮಾನಕ್ಕೆ ಆಧಾರ ಇಲ್ಲವೆಂದಲ್ಲ. ಎಸ್‌ಜಿಒಟಿಯು ಎಸ್‌ಜಿಪಿಟಿಯ ಎರಡು ಪಟ್ಟು ದಾಟಿದರೆ ಅದು ಮದ್ಯದಿಂದ ಕೆಟ್ಟ ಲಿವರಿನ ಲಕ್ಷಣ ಎಂದು ಪಠ್ಯಪುಸ್ತಕವೇ ಹೇಳುತ್ತದೆ. ಕೊಬ್ಬು ತುಂಬಿದ ಲಿವರಿನಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು, ಎಸ್‌ಜಿಪಿಟಿಯೇ ಮುಂದಿರುತ್ತದೆ. ಈ ಎರಡರ ಅನುಪಾತಕ್ಕೆ 1957ರಲ್ಲಿ ಅದನ್ನು ವಿವರಿಸಿದ ಇಟಲಿಯ ವೈದ್ಯ ಫರ್ನಾಂಡೋ ಡಿ ರಿಟಿಸ್ ಅವರ ಹೆಸರೇ ಉಳಿದಿದೆ.

ಆದರೆ ಇದೇ ಅನುಪಾತಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಹಿಡಿಯಲು ಬೇರೆ ಪ್ರಶ್ನೆ ಕೇಳಬೇಕು: "ಕಳೆದ ವಾರ ಹೊಸದಾಗಿ ಏನಾದರೂ ಮಾಡಿದಿರಾ?" ನಮ್ಮ ಉದಾಹರಣೆಯ ಗಂಡಸು ಜಿಮ್ಮಿಗೆ ಸೇರಿ ಇನ್ನೂ ವಾರ ತುಂಬಿಲ್ಲ. ಭಾನುವಾರ ಭಾರ ಹೊತ್ತು ಬೈಠಕ್ ಹೊಡೆದ. ಮಂಗಳವಾರ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಬುಧವಾರ ಬೆಳಿಗ್ಗೆ ರಕ್ತ ಕೊಟ್ಟ. ಅದೇ ರಕ್ತದಲ್ಲಿ ಸಿಕೆ ಎಂಬ ಇನ್ನೊಂದು ಕಿಣ್ವವನ್ನು ನೋಡಿದರೆ 6,420 ಬರುತ್ತದೆ. ಇರಬೇಕಾದದ್ದು ಮುನ್ನೂರರ ಒಳಗೆ. ಲಿವರ್ ಇಲ್ಲಿ ಏನೂ ಮಾಡಿಲ್ಲ, ಪಾಪ. ಸೋರಿದ್ದು ತೊಡೆಯ ಸ್ನಾಯು.

ಎಸ್‌ಜಿಒಟಿ, ಎಸ್‌ಜಿಪಿಟಿಗಳಿಗೆ ಈಗಿನ ಹೆಸರು ಎಎಸ್‌ಟಿ, ಎಎಲ್‌ಟಿ. ಎರಡೂ ಅಮೈನೋ ಆಮ್ಲಗಳ ಸಾರಜನಕ ಭಾಗವನ್ನು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಿಸುವ ಕಿಣ್ವಗಳು. ಈ ಕೆಲಸ ನಡೆಯುವುದು ಜೀವಕೋಶದ ಒಳಗೆ. ರಕ್ತದಲ್ಲಿ ಇವಕ್ಕೆ ಕೆಲಸವಿಲ್ಲ, ಹಳೆಯ ಕೋಶಗಳು ಸಾಯುವಾಗ ಹೊರಬಂದ ಅಷ್ಟಿಷ್ಟು ಮಾತ್ರ ಅಲ್ಲಿ ಸುಳಿದಾಡುತ್ತಿರುತ್ತದೆ. ಕೋಶದ ಪೊರೆ ಹರಿದರೆ, ಅಥವಾ ಬರೀ ಸಡಿಲವಾದರೂ, ಅಂಕಿ ಏರುತ್ತದೆ. ಎಎಸ್‌ಟಿ ಹೃದಯ, ಸ್ನಾಯು, ಲಿವರ್, ಮೂತ್ರಪಿಂಡ, ಕೆಂಪು ರಕ್ತಕಣ ಎಲ್ಲದರಲ್ಲೂ ಇದೆ. ಎಎಲ್‌ಟಿ ಲಿವರಿನಲ್ಲೇ ದಟ್ಟವಾಗಿದ್ದರೂ ಸ್ನಾಯುವಿನಲ್ಲಿ ಇಲ್ಲದಿಲ್ಲ. ಲಿವರಿನ ತೂಕ ಒಂದೂವರೆ ಕಿಲೋ ಅಷ್ಟೆ. ಗಟ್ಟಿಮುಟ್ಟಾದ ಗಂಡಸಿನಲ್ಲಿ ಸ್ನಾಯುವೇ ದೇಹದ ತೂಕದ ಸುಮಾರು ಶೇಕಡಾ 40. ದಟ್ಟಣೆ ಕಡಿಮೆಯಿದ್ದರೂ ಒಟ್ಟು ದಾಸ್ತಾನು ಸಣ್ಣದಲ್ಲ.

ಹಾಗೆ ನೋಡಿದರೆ ಈ ಪರೀಕ್ಷೆ ವೈದ್ಯರ ಗಮನ ಸೆಳೆದದ್ದೇ ಲಿವರಿನಿಂದಲ್ಲ. 1954ರಲ್ಲಿ ನ್ಯೂಯಾರ್ಕಿನ ಜಾನ್ ಲಾಡ್ಯೂ, ಫೆಲಿಕ್ಸ್ ರೊಬ್ಲೆವ್ಸ್ಕಿ, ಆರ್ಥರ್ ಕಾರ್ಮೆನ್ ಈ ಮೂವರು ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಒಟಿ ಏರುವುದನ್ನು ಪ್ರಕಟಿಸಿದರು. ಸತ್ತ ಹೃದಯಸ್ನಾಯುವಿನ ಸುದ್ದಿಯನ್ನು ರಕ್ತದಿಂದಲೇ ತಿಳಿಯಬಹುದು ಎಂಬುದು ಆಗ ದೊಡ್ಡ ಸಂಗತಿ. ಲಿವರ್ ರೋಗಗಳಿಗೆ ಇದು ಉಪಯೋಗಕ್ಕೆ ಬಂದದ್ದು ಆಮೇಲೆ. ಹೃದಯದ ಕೆಲಸವನ್ನು ಕ್ರಮೇಣ ಟ್ರೋಪೋನಿನ್ ಪರೀಕ್ಷೆ ವಹಿಸಿಕೊಂಡಿತು. ಎಸ್‌ಜಿಒಟಿ ಮಾತ್ರ ಲಿವರ್ ಫಂಕ್ಷನ್ ಟೆಸ್ಟ್ ಎಂಬ ಗುಂಪಿನೊಳಗೆ ಕಾಯಂ ಆಗಿ ಕೂತುಬಿಟ್ಟಿತು. ಆ ಗುಂಪಿನಲ್ಲಿ ಲಿವರಿನ ಕಾರ್ಯಕ್ಷಮತೆಯನ್ನು ನಿಜಕ್ಕೂ ಹೇಳುವವು ಬಿಲಿರುಬಿನ್, ಅಲ್ಬುಮಿನ್ ಮತ್ತು ಬೇರೆಯಾಗಿ ಮಾಡಿಸಬೇಕಾದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಕಿಣ್ವಗಳು ಹೇಳುವುದು ಎಲ್ಲೋ ಕೋಶಗಳಿಗೆ ಪೆಟ್ಟಾಗಿದೆ ಎಂದಷ್ಟೇ. ಊರ ಮೇಲೆ ಹೊಗೆ ಕಂಡರೆ ಯಾವ ಮನೆಯದೆಂದು ಹೇಳಲಾಗದಲ್ಲ, ಹಾಗೆ.

ಎಎಲ್‌ಟಿ ಅಳೆಯುವಾಗ ಲ್ಯಾಬಿನ ಯಂತ್ರದೊಳಗೆ ನಡೆಯುವುದನ್ನು ಒಮ್ಮೆ ನೋಡಿ. ಸೀರಮ್ಮಿನ ಒಂದು ಹನಿಗಿಂತ ಕಡಿಮೆ ಪಾಲು ಪುಟ್ಟ ಪಾರದರ್ಶಕ ಕೊಳವೆಗೆ ಬೀಳುತ್ತದೆ. ಅದರ ಜೊತೆಗೆ ಅಲನಿನ್ ಎಂಬ ಅಮೈನೋ ಆಮ್ಲ, ಕೀಟೋಗ್ಲುಟರೇಟ್, ಎನ್‌ಎಡಿಎಚ್ ಎಂಬ ಸಹಕಿಣ್ವ ಮತ್ತು ಅದನ್ನು ಖರ್ಚು ಮಾಡಿಸುವ ಇನ್ನೊಂದು ಕಿಣ್ವ. ತಾಪ 37 ಡಿಗ್ರಿ, ನಮ್ಮ ಮೈಯದೇ. ಕೊಳವೆಯ ಮೂಲಕ 340 ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಬೆಳಕು ಹಾಯುತ್ತದೆ. ಎನ್‌ಎಡಿಎಚ್ ಆ ಬೆಳಕನ್ನು ಹೀರುತ್ತದೆ. ಸೀರಮ್ಮಿನಲ್ಲಿ ಎಎಲ್‌ಟಿ ಹೆಚ್ಚಿದ್ದಷ್ಟೂ ಎನ್‌ಎಡಿಎಚ್ ಬೇಗ ಬೇಗ ಮುಗಿಯುತ್ತದೆ, ಬೆಳಕು ಹೆಚ್ಚು ಹೆಚ್ಚು ದಾಟುತ್ತದೆ. ಆ ವೇಗವೇ ನಮ್ಮ ವರದಿಯ ಅಂಕಿ. ಒಂದು ಯೂನಿಟ್ ಎಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್ ಪರಿವರ್ತನೆ. ಯಂತ್ರ ಕಿಣ್ವವನ್ನು ತೂಗುವುದಿಲ್ಲ, ಅದರ ಕೆಲಸದ ಚುರುಕನ್ನು ಅಳೆಯುತ್ತದೆ. ಕೆಲವು ಲ್ಯಾಬುಗಳು ದ್ರಾವಣಕ್ಕೆ ಬಿ6 ಜೀವಸತ್ವದ ರೂಪವೊಂದನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಅದಕ್ಕೇ ಲ್ಯಾಬಿನಿಂದ ಲ್ಯಾಬಿಗೆ ಮಿತಿಗಳು ಬೇರೆ, ಹೋಲಿಸಿ ನೋಡಬೇಕಾದ ಪರೀಕ್ಷೆಯನ್ನು ಒಂದೇ ಕಡೆ ಮಾಡಿಸುವುದು ಲೇಸು. ರಕ್ತ ಎಳೆಯುವಾಗ ಕೆಂಪು ಕಣಗಳು ಒಡೆದರೂ ಎಎಸ್‌ಟಿ ಏರಿ ಕೂರುತ್ತದೆ.

ಇನ್ನು ಸಿಕೆ. ಪೂರ್ತಿ ಹೆಸರು ಕ್ರಿಯೇಟಿನ್ ಕೈನೇಸ್, ಎಷ್ಟೋ ವರದಿಗಳಲ್ಲಿ ಇನ್ನೂ ಸಿಪಿಕೆ ಎಂದೇ ಇರುತ್ತದೆ. ಮೂತ್ರಪಿಂಡಕ್ಕೆ ನೋಡುವ ಕ್ರಿಯಾಟಿನಿನ್ ಬೇರೆ, ಇದು ಬೇರೆ. ಸ್ನಾಯು ಒಮ್ಮೆಲೇ ಬಿಗಿಯುವಾಗ ಶಕ್ತಿಯ ಅಣು ಎಟಿಪಿ ಕ್ಷಣಗಳಲ್ಲಿ ಮುಗಿದುಹೋಗುತ್ತದೆ, ಅದನ್ನು ಅಲ್ಲಲ್ಲೇ ಮತ್ತೆ ತುಂಬಿಸಿಕೊಡುವುದು ಸಿಕೆ. ಆದ್ದರಿಂದ ಸ್ನಾಯುವಿನಲ್ಲಿ ಅದು ಧಾರಾಳ, ಲಿವರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಜಿಜಿಟಿ ಇದಕ್ಕೆ ವಿರುದ್ಧ, ಲಿವರ್ ಮತ್ತು ಪಿತ್ತನಾಳದ ತೊಂದರೆಯಲ್ಲಿ ಏರುತ್ತದೆ, ಸ್ನಾಯು ಹರಿದರೆ ಅಲುಗುವುದಿಲ್ಲ. ಎಸ್‌ಜಿಒಟಿ, ಎಸ್‌ಜಿಪಿಟಿ ಏರಿದಾಗ ಈ ಎರಡನ್ನು ಪಕ್ಕದಲ್ಲಿಟ್ಟು ಓದಿದರೆ ಅರ್ಧ ಗೊಂದಲ ಅಲ್ಲೇ ಪರಿಹಾರ. ಸ್ಕ್ಯಾನಿಗೆ ಬರೆದುಕೊಡುವ ಮೊದಲು ಸಿಕೆಗೆ ಬರೆದುಕೊಡುವ ಅಭ್ಯಾಸ ನಮ್ಮಲ್ಲಿ ಇನ್ನಷ್ಟು ಬೇರೂರಬೇಕು ಎಂಬುದು ನನ್ನ ಅನಿಸಿಕೆ.

ಸಿಕೆಯ 'ಸಹಜ' ಮಿತಿಯೂ ಸ್ವಲ್ಪ ಕಿರಿಕಿರಿಯದೇ. ಗಂಡಸರಿಗೆ 308, ಹೆಂಗಸರಿಗೆ 192 ಎಂದು ಎಷ್ಟೋ ಕಡೆ ಅಚ್ಚಾಗಿರುತ್ತದೆ. ಆದರೆ ಮೈಯಲ್ಲಿ ಸ್ನಾಯು ಎಷ್ಟಿದೆ, ಹಿಂದಿನ ದಿನ ಏನು ಮಾಡಿದ್ದರು, ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದರಾ, ಎಲ್ಲವೂ ಅದನ್ನು ಮೇಲೆ ಕೆಳಗೆ ಮಾಡುತ್ತದೆ. ಭಾರ ಎತ್ತುವುದಕ್ಕಿಂತ ಇಳಿಸುವುದು, ಹತ್ತುವುದಕ್ಕಿಂತ ಇಳಿಯುವುದು ಸ್ನಾಯುವನ್ನು ಹೆಚ್ಚು ಘಾಸಿಗೊಳಿಸುತ್ತದೆ, ಏಕೆಂದರೆ ಆಗ ಸ್ನಾಯು ಉದ್ದವಾಗುತ್ತಲೇ ಬಿಗಿಯಬೇಕು. ಕುಮಾರಪರ್ವತ ಹತ್ತಿದವರನ್ನು ಕೇಳಿ, ಹತ್ತಿದ ದಿನಕ್ಕಿಂತ ಇಳಿದ ಮಾರನೆಯ ದಿನದ ತೊಡೆಯ ಕಥೆಯೇ ದೊಡ್ಡದು. ಸ್ವೀಡನ್ನಿನಲ್ಲಿ ಭಾರ ಎತ್ತುವ ರೂಢಿಯಿಲ್ಲದ 15 ಆರೋಗ್ಯವಂತ ಗಂಡಸರಿಂದ ಒಂದು ಗಂಟೆ ಆ ವ್ಯಾಯಾಮ ಮಾಡಿಸಿ ನೋಡಿದ್ದನ್ನು 2008ರಲ್ಲಿ ಪ್ರಕಟಿಸಿದರು. ಸಿಕೆ, ಎಎಸ್‌ಟಿ, ಎಎಲ್‌ಟಿಗಳು ಕನಿಷ್ಠ ಏಳು ದಿನ ಏರಿಯೇ ಇದ್ದವು. ಬಿಲಿರುಬಿನ್, ಜಿಜಿಟಿ ಮಿತಿಯೊಳಗೇ ಇದ್ದವು.

ದಿನದ ಲೆಕ್ಕ ಇಲ್ಲಿ ಮುಖ್ಯ. ರಕ್ತದಿಂದ ಎಎಸ್‌ಟಿ ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಸಾಕು, ಸಿಕೆಗೆ ಒಂದೂವರೆ ದಿನ, ಎಎಲ್‌ಟಿಗೆ ಎರಡು ದಿನದ ಹತ್ತಿರ. ಪೆಟ್ಟು ಹೊಸದಿರುವಾಗ ಎಎಸ್‌ಟಿ ಎತ್ತರದಲ್ಲಿದ್ದು ಕುಡುಕನ ವರದಿಯಂತೆ ಕಾಣುತ್ತದೆ. ನಾಲ್ಕೈದು ದಿನ ಬಿಟ್ಟು ನೋಡಿದರೆ ಎಎಸ್‌ಟಿ ಇಳಿದು ಎಎಲ್‌ಟಿಯ ಸಮಕ್ಕೆ ಬಂದಿರುತ್ತದೆ, ಆಗ ಅದೇ ವ್ಯಕ್ತಿಗೆ 'ಫ್ಯಾಟಿ ಲಿವರ್ ಇರಬಹುದು' ಎಂಬ ಮಾತು ಬರುತ್ತದೆ.

ಕರಾವಳಿಯ ಮಳೆಗಾಲದಲ್ಲಿ ಸಿಕೆಯನ್ನು ಪಕ್ಕದಲ್ಲಿಟ್ಟು ಓದುವುದು ಪ್ರಾಣದ ಪ್ರಶ್ನೆಯಾಗುತ್ತದೆ. ಗದ್ದೆ ಕೆಲಸ ಮಾಡುವವರಿಗೆ ಜ್ವರ, ಕಣ್ಣು ಹಳದಿ, ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು. ಮನೆಯವರು ಕಾಮಾಲೆ ಎಂದುಕೊಂಡು ಬೇರು ಅರೆದು ಕೊಡುವವರ ಕಡೆ ಹೊರಡುತ್ತಾರೆ. ಆದರೆ ಅದು ಇಲಿಜ್ವರವೂ ಇರಬಹುದು. ವೈರಸ್ಸಿನ ಕಾಮಾಲೆಯಲ್ಲಿ ಎಸ್‌ಜಿಪಿಟಿ ಸಾವಿರ ದಾಟುವುದು ಸಾಮಾನ್ಯ, ಸಿಕೆ ಏರುವುದಿಲ್ಲ. ಇಲಿಜ್ವರದಲ್ಲಿ ಬಿಲಿರುಬಿನ್ ಗಗನಕ್ಕೇರಿದ್ದರೂ ಎಸ್‌ಜಿಒಟಿ, ಎಸ್‌ಜಿಪಿಟಿಗಳು ಹೆಚ್ಚಾಗಿ ಇನ್ನೂರು ಮುನ್ನೂರರ ಆಸುಪಾಸಿನಲ್ಲೇ ಇರುತ್ತವೆ, ಸಿಕೆ ಮಾತ್ರ ಏರಿರುತ್ತದೆ. ಇಲಿಜ್ವರಕ್ಕೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಹಳೆಯ, ಅಗ್ಗದ ಔಷಧಿಗಳಿವೆ. ತಡವಾದರೆ ಮೂತ್ರಪಿಂಡ ಕೈಕೊಡುತ್ತದೆ. ಕಷಾಯಕ್ಕೆ ಕಾಯುವ ಕಾಯಿಲೆ ಅದಲ್ಲ.

ಮಕ್ಕಳ ವಿಷಯ ಬೇರೆಯೇ. ಮೂರು ವರ್ಷದ ಗಂಡುಮಗುವಿಗೆ ಯಾವುದೋ ಜ್ವರದ ನೆಪದಲ್ಲಿ ರಕ್ತ ನೋಡಿದಾಗ ಎಸ್‌ಜಿಪಿಟಿ ಮುನ್ನೂರು ಬರುತ್ತದೆ. ಜ್ವರ ಇಳಿದ ಮೇಲೂ ಇಳಿಯುವುದಿಲ್ಲ. ಹೆಪಟೈಟಿಸ್‌ನ ಎಲ್ಲ ಬಗೆಗಳ ಪರೀಕ್ಷೆ, ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯ ಪರೀಕ್ಷೆ, ಸ್ಕ್ಯಾನ್, ಕೊನೆಗೆ ಲಿವರಿಗೆ ಸೂಜಿ ಹಾಕಿ ಚೂರು ತೆಗೆದು ನೋಡುವವರೆಗೂ ಹೋದ ಮಕ್ಕಳ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ಅಷ್ಟರಲ್ಲಿ ಮಗು ನೆಲದಿಂದ ಏಳುವಾಗ ಮೊದಲು ಅಂಗೈ ಊರಿ, ಆಮೇಲೆ ತನ್ನದೇ ಮೊಣಕಾಲು, ತೊಡೆಗಳನ್ನು ಒಂದೊಂದಾಗಿ ಹಿಡಿದುಕೊಂಡು ಮೇಲೇರುವುದನ್ನು ಅಜ್ಜಿ ಗಮನಿಸಿರುತ್ತಾಳೆ. ಮೀನಖಂಡ ದಪ್ಪಗಿರುವುದನ್ನು ಕಂಡು 'ಗಟ್ಟಿ ಹುಡುಗ' ಎಂದು ಮೆಚ್ಚಿದವರೂ ಇರುತ್ತಾರೆ. ಹೀಗೆ ಏಳುವ ರೀತಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಲಂಡನ್ನಿನ ವಿಲಿಯಂ ಗೋವರ್ಸ್ ವಿವರಿಸಿದ್ದರು. ಕಾಯಿಲೆ ಡುಶೆನ್ ಸ್ನಾಯುಕ್ಷಯ. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಡಿಸ್ಟ್ರೋಫಿನ್ ಎಂಬ ಪ್ರೋಟೀನು ಇಲ್ಲದೆ ಸ್ನಾಯುಕೋಶದ ಪೊರೆ ಪ್ರತಿ ಹೆಜ್ಜೆಗೂ ಹರಿಯುತ್ತಿರುತ್ತದೆ.

ಇಂಥ ಮಕ್ಕಳಲ್ಲಿ ಸಿಕೆ ಹತ್ತು ಸಾವಿರ ದಾಟುವುದು ಸಾಮಾನ್ಯ. ಸ್ನಾಯುಕ್ಷಯದಲ್ಲಿ ಈ ಕಿಣ್ವ ಏರುವುದನ್ನು ಜಪಾನಿನ ಸೆತ್ಸುರೊ ಎಬಾಶಿ ಮತ್ತು ಸಂಗಡಿಗರು 1959ರಲ್ಲೇ ತೋರಿಸಿದ್ದರು. ಅರವತ್ತು ವರ್ಷಕ್ಕೂ ಹಳೆಯ ಈ ತಿಳಿವಳಿಕೆ ಇದ್ದೂ ಮಗುವಿನ ಲಿವರಿಗೆ ಸೂಜಿ ಹೋಗುತ್ತದೆಂದರೆ ಬೇಸರವಾಗುತ್ತದೆ. ಈಗ ಖಚಿತಪಡಿಸಿಕೊಳ್ಳಲು ರಕ್ತದಿಂದಲೇ ವಂಶವಾಹಿ ಪರೀಕ್ಷೆ ಸಾಧ್ಯ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುರೋಗಗಳಿಗೆ ತಜ್ಞರಿದ್ದಾರೆ. ಬೇಗ ಗೊತ್ತಾದರೆ ಸ್ಟೀರಾಯ್ಡ್ ಚಿಕಿತ್ಸೆಯಿಂದ ಮಗು ನಡೆದಾಡುವ ವರ್ಷಗಳನ್ನು ಹೆಚ್ಚಿಸಬಹುದು. ತಾಯಿ ವಾಹಕಳೇ ಎಂಬುದು ಮುಂದಿನ ಬಸುರಿಗೆ ಮೊದಲು ತಿಳಿಯುತ್ತದೆ.

ದೊಡ್ಡವರಲ್ಲಿ ಇನ್ನೆರಡು ಕಾರಣ ನೆನಪಿಡಬೇಕು. ಥೈರಾಯ್ಡ್ ಕಡಿಮೆಯಾದರೆ ಸಿಕೆ ಏರುತ್ತದೆ, ಗುಳಿಗೆ ಶುರುವಾದರೆ ಇಳಿಯುತ್ತದೆ. ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್ ಕೆಲವರಿಗೆ ಮೈಕೈ ನೋವು ತರುತ್ತದೆ. ನೋವಿದ್ದರೆ ಸಿಕೆ ನೋಡಬೇಕು, ಮಿತಿಯ ಹತ್ತು ಪಟ್ಟು ದಾಟಿದರೆ ವೈದ್ಯರೇ ಗುಳಿಗೆ ನಿಲ್ಲಿಸುತ್ತಾರೆ. ನೋವಿಲ್ಲದೆ ಅಂಕಿ ತುಸು ಏರಿದ್ದಕ್ಕೆ ತಾವಾಗಿಯೇ ಗುಳಿಗೆ ಬಿಟ್ಟು ಹೃದಯವನ್ನು ಅಪಾಯಕ್ಕೆ ಒಡ್ಡಿಕೊಳ್ಳುವವರೂ ನಮ್ಮಲ್ಲಿದ್ದಾರೆ. ಇನ್ನು ಕೆಲವರು 'ಲಿವರ್ ಶುದ್ಧಿ'ಗೆಂದು ಅಮೃತಬಳ್ಳಿಯ ರಸ ಶುರು ಮಾಡುತ್ತಾರೆ. ಅಮೃತಬಳ್ಳಿ ಸೇವಿಸಿದವರ ಲಿವರಿಗೇ ಪೆಟ್ಟಾದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಸ್ನಾಯುವಿನಿಂದ ಏರಿದ ಅಂಕಿಗೆ ಲಿವರಿನ ಔಷಧಿ ಕುಡಿಯುವುದಂತೂ ಯಾವ ಪದ್ಧತಿಯಲ್ಲೂ ಸರಿಯಲ್ಲ.

ಸ್ನಾಯುವಿನದು ತಾನೇ ಎಂದು ಹಗುರವಾಗಿ ಬಿಡುವಂತೆಯೂ ಇಲ್ಲ. 1941ರಲ್ಲಿ ಜರ್ಮನ್ ಬಾಂಬ್ ದಾಳಿಯ ಲಂಡನ್ನಿನಲ್ಲಿ, ಕುಸಿದ ಮನೆಗಳಡಿಯಿಂದ ಜೀವಂತ ಹೊರತೆಗೆದವರು ಕೆಲ ದಿನಗಳಲ್ಲಿ ಮೂತ್ರ ನಿಂತು ಸಾಯುತ್ತಿದ್ದುದನ್ನು ಎರಿಕ್ ಬೈವಾಟರ್ಸ್ ದಾಖಲಿಸಿದರು. ಜಜ್ಜಿದ ಸ್ನಾಯುವಿನಿಂದ ಹೊರಬಂದ ಮಯೋಗ್ಲೋಬಿನ್ ಮೂತ್ರಪಿಂಡವನ್ನು ಕೆಡಿಸಿತ್ತು. ಸಿಕೆ ಐದು ಸಾವಿರ ದಾಟಿದಾಗ ಈ ಭಯ ಶುರುವಾಗುತ್ತದೆ. ನಮ್ಮ ಜಿಮ್ಮಿನ ಹುಡುಗನಿಗೂ ಅದಕ್ಕೇ ಕ್ರಿಯಾಟಿನಿನ್ ನೋಡಿಸಿ, ನೀರು ಚೆನ್ನಾಗಿ ಕುಡಿಯಲು ಹೇಳಿ, ಮೂತ್ರದ ಬಣ್ಣದ ಮೇಲೆ ಕಣ್ಣಿಡಿ ಎನ್ನಬೇಕು. ಕಪ್ಪು ಚಹಾದ ಬಣ್ಣ ಬಂದರೆ ಅದೇ ದಿನ ಆಸ್ಪತ್ರೆ.

ಇಲ್ಲದಿದ್ದರೆ ಮಾಡಬೇಕಾದದ್ದು ಕಡಿಮೆ. ಒಂದು ವಾರದಿಂದ ಹತ್ತು ದಿನ ಜಿಮ್, ಓಟ, ಚಾರಣ ಬಿಟ್ಟು ಸ್ನಾಯುವಿಗೆ ಇಂಜೆಕ್ಷನ್ನನ್ನೂ ತಪ್ಪಿಸಿ, ಅದೇ ಲ್ಯಾಬಿನಲ್ಲಿ ಸಿಕೆ, ಜಿಜಿಟಿಯೊಂದಿಗೆ ಮತ್ತೆ ನೋಡುವುದು. ಇಳಿದಿದ್ದರೆ ಮುಗಿಯಿತು. ಸಿಕೆ ಇಳಿದೂ ಎಸ್‌ಜಿಪಿಟಿ ವಾರಗಟ್ಟಲೆ ನಿಂತಲ್ಲೇ ನಿಂತರೆ ಆಗ ಲಿವರಿನ ತನಿಖೆ ನ್ಯಾಯ. ಸಿಕೆಯೇ ಇಳಿಯದಿದ್ದರೆ ನರ ಮತ್ತು ಸ್ನಾಯು ತಜ್ಞರ ಬಳಿ ಹೋಗಬೇಕು. ರಕ್ತ ಕೊಡುವ ಕುರ್ಚಿಯಲ್ಲಿ ಕೂತಾಗ ಲ್ಯಾಬಿನವರು ತಪ್ಪದೆ ಕೇಳುವುದು "ಖಾಲಿ ಹೊಟ್ಟೇಲಿ ಬಂದಿದೀರಾ?" ಎಂದು. ಈ ಕಿಣ್ವಗಳಿಗೆ ಖಾಲಿ ಹೊಟ್ಟೆ ಬೇಕಾಗಿಯೇ ಇಲ್ಲ. ಹಿಂದಿನ ಭಾನುವಾರ ಏನು ಮಾಡಿದಿರಿ ಎಂದು ಅವರು ಕೇಳುವುದಿಲ್ಲ, ಚೀಟಿಯಲ್ಲಿ ಅದಕ್ಕೆ ಜಾಗವೂ ಇಲ್ಲ. ಡಾಕ್ಟರಿಗೆ ನೀವೇ ಹೇಳಬೇಕು.